ಕಟಿಂಗ್ ಟೇಬಲ್ಲಿನ ಮೇಲೆ ಇಪ್ಪತ್ತು ಟ್ಯಾಂಕು

ಕತ್ತರಿಯ ಹಿಡಿ ಒತ್ತಿ ಒತ್ತಿ ನಮ್ಮ ಬೀದಿಯ ದರ್ಜಿ ಚಾಚಾ ಅವರ ಬಲಗೈ ಹೆಬ್ಬೆರಳ ಗೆಣ್ಣು ಹುಣಸೆ ಬೀಜದಂತೆ ಕಪ್ಪಗೆ, ಗಟ್ಟಿಯಾಗಿತ್ತು. ಮಾಲೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಅವರು ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದರು. ನಾನು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಗೆ ಶುಕ್ರವಾರ ವಾರದ ರಜೆ. ಅವರು ಜುಮ್ಮಾ ನಮಾಜ್ ಮುಗಿಸಿ ಬರುವಷ್ಟರಲ್ಲಿ ನಾನು ಕಟಿಂಗ್ ಟೇಬಲ್ ಒರೆಸಿ, ಸೀಮೆಸುಣ್ಣದಲ್ಲಿ ನದಿ ಎಳೆದು, ಯುದ್ಧಭೂಮಿ ಸಿದ್ಧ ಮಾಡಿರುತ್ತಿದ್ದೆ.

ನಗಬೇಡಿ. ನಲವತ್ತು ದಾಟಿದ ನಾನು, ಅರವತ್ತು ದಾಟಿದ ಅವರು, ಬೊಂಬೆ ಸೈನ್ಯ ಇಟ್ಟು ಆಡುತ್ತಿದ್ದೆವು. ಕಲಿಸಿದ್ದು ನಾನು, ಗೆಲ್ಲುತ್ತಿದ್ದದ್ದು ಅವರು. ಇಬ್ಬರಿಗೂ ಸಾವಿರ ಪಾಯಿಂಟು. ಅಷ್ಟರಲ್ಲೇ ಸೈನ್ಯ ಕಟ್ಟಬೇಕು, ದಾಳ ಹಾಕಿ ಗುಂಡು ಹಾರಿಸಬೇಕು. ಟೇಬಲ್ಲಿನ ಮೇಲೆ ಐದು ಠಾಣೆ. ಕೊನೆಗೆ ಹೆಚ್ಚು ಠಾಣೆ ಹಿಡಿದವರು ಗೆದ್ದಂತೆ. ನಾನು ಎಂಟುನೂರು ಪಾಯಿಂಟು ಸುರಿದು ಗೇಣುದ್ದದ ಒಂದು ಯುದ್ಧ ರೋಬೋ ಇಡುತ್ತಿದ್ದೆ. ಅದಕ್ಕೆ ಬಣ್ಣ ಬಳಿಯಲು ಎರಡು ತಿಂಗಳು ಹಿಡಿದಿತ್ತು. ಉಳಿದ ಇನ್ನೂರಕ್ಕೆ ಒಂದಷ್ಟು ಸಿಪಾಯಿಗಳು. ಚಾಚಾ ಐವತ್ತು ಪಾಯಿಂಟಿನ ಇಪ್ಪತ್ತು ಟ್ಯಾಂಕು ಇಡುತ್ತಿದ್ದರು. ಬೆಂಕಿಪೊಟ್ಟಣಕ್ಕೆ ಕೋಟಿನ ಗುಂಡಿ ಅಂಟಿಸಿ ತಾವೇ ಮಾಡಿದ್ದು.

ರೋಬೋ ಒಂದೇ ಏಟಿಗೆ ಮೂರು ಟ್ಯಾಂಕು ಉರುಳಿಸುತ್ತಿತ್ತು. ಆದರೆ ಅದೇ ಹೋದರೆ ನನ್ನ ಹತ್ತಿರ ಉಳಿಯುವುದೇನು? ಆ ಭಯಕ್ಕೆ ಹಿಂದೆಯೇ ನಿಲ್ಲಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಟ್ಯಾಂಕುಗಳು ನಾಲ್ಕು ಠಾಣೆ ಹಿಡಿದಿರುತ್ತಿದ್ದವು. ಅಲುಗದೆ ನಿಂತ ರೋಬೋಗೆ ಚಾಚಾ ದುಲ್ಹಾ, ಅಂದರೆ ಮದುಮಗ, ಎಂದು ಹೆಸರಿಟ್ಟಿದ್ದರು.

“ಏನ್ಲಾ, ನಿನ್ ದುಲ್ಹಾ ಇವತ್ತಾದ್ರೂ ಸ್ಟೇಜ್ ಇಳೀತಾನಾ?”

“ನಿಮ್ದು ಬರೀ ಬೆಂಕಿಪೊಟ್ಟಣ ಚಾಚಾ. ಊದಿದ್ರೆ ಹಾರೋಗ್ತವೆ.”

“ಹಾರ್ಲಿ ಬೇಟಾ. ಒಂದು ಸೂಟು ಕೆಟ್ರೆ ಕೆಲ್ಸಾನೇ ಹೋಯ್ತು. ಇಪ್ಪತ್ತು ನಿಕ್ಕರಲ್ಲಿ ಒಂದು ಕೆಟ್ರೆ ಇನ್ನೂ ಹತ್ತೊಂಬತ್ತು ಐತಲ್ಲ!”

ದೂರ ಅಳೆಯಲು ನನಗೆ ಟೇಪು ಬೇಕು. ಅವರು ಕಣ್ಣಲ್ಲೇ ನೋಡಿ “ಹನ್ನೊಂದೂವರೆ ಇಂಚು” ಅನ್ನುತ್ತಿದ್ದರು. ಅಳೆದರೆ ಅಷ್ಟೇ ಇರುತ್ತಿತ್ತು. ನಾಲ್ಕು ವರ್ಷದಲ್ಲಿ ನಾನು ಒಂದು ಆಟವೂ ಗೆಲ್ಲಲಿಲ್ಲ.

ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು. ಕತ್ತರಿ ಹಿಡಿಯಲಾಗದ ಮನುಷ್ಯ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟ ಮುಟ್ಟುತ್ತಿರಲಿಲ್ಲ.

“ನೀನಾದ್ರೂ ಎಬ್ಬಿಸಪ್ಪ, ನನ್ ಮಾತು ಕೇಳ್ತಿಲ್ಲ” ಎಂದರು ಚಾಚಿ.

ಶುಕ್ರವಾರ ತೋಳು ಹಿಡಿದು ಕರೆತಂದು ಟೇಬಲ್ಲಿನ ಮುಂದೆ ಕೂರಿಸಿದೆ. ಗೆದ್ದರೆ ಚೇತರಿಸಿಕೊಂಡಾರು ಎಂದು, ಎದುರಿಗೇ ನಿಂತಿದ್ದ ಟ್ಯಾಂಕುಗಳನ್ನು ಬಿಟ್ಟು ರೋಬೋವನ್ನು ಖಾಲಿ ಮೂಲೆಗೆ ತಿರುಗಿಸಿದೆ. ಚಾಚಾ ಎಡಗೈಯಲ್ಲಿ ಟೇಬಲ್ ಕುಟ್ಟಿದರು.

“ಬಿಟ್ಕೊಡ್ತಿದ್ದೀಯೇನೋ?” ಮಾತು ತೊದಲುತ್ತಿತ್ತು, ಸಿಟ್ಟು ಮಾತ್ರ ಚೆನ್ನಾಗಿಯೇ ಇತ್ತು. “ಕೈ ಹೋಗೈತೆ ಕಣೋ, ಕಣ್ಣು ಹೋಗಿಲ್ಲ. ಆಡೋದಾದ್ರೆ ಆಡು. ಇಲ್ಲ, ನಡಿ ಮನೆಗೆ.”

ನಾಚಿಕೆಯಾಯಿತು. ಮತ್ತೆ ಮೊದಲಿಂದ ಜೋಡಿಸಿದೆ. ಕನಿಕರವನ್ನೂ ಭಯವನ್ನೂ ಪಕ್ಕಕ್ಕಿಟ್ಟು ರೋಬೋವನ್ನು ಸೀದಾ ನಡುವಿನ ಠಾಣೆಗೆ ನುಗ್ಗಿಸಿದೆ. ದಾಳವೂ ನನ್ನ ಕಡೆಗೇ ಬಿತ್ತು. ಮೂರು ಠಾಣೆ ನನಗೆ, ಎರಡು ಅವರಿಗೆ.

ಗೆದ್ದೆ, ಆದರೆ ತಲೆ ಎತ್ತಿ ಅವರ ಮುಖ ನೋಡಲು ಹೆದರಿಕೆ. ನೋಡಿದರೆ, ಸೊಟ್ಟ ಬಾಯಲ್ಲೇ ನಗುತ್ತಿದ್ದಾರೆ!

“ದುಲ್ಹಾ ಇಳಿದ್ಬುಟ್ನಲ್ಲೋ!” ಎಂದವರೇ ಒಳಗೆ ತಿರುಗಿ, “ಊಟ ತಗೊಂಬಾ, ಹಸಿವು” ಎಂದು ಕೂಗಿದರು. ಆಮೇಲೆ ನನಗೆ, “ಮುಂದಿನ್ ವಾರ ಬಾ, ತೋರಿಸ್ತೀನಿ.”

ಅದಾದ ಮೇಲೆ ಅವರಿಗೆ ಸಿಕ್ಕಿದ್ದು ಮೂರೇ ಶುಕ್ರವಾರ. ನಾಲ್ಕನೆಯದು ಬರುವ ಮೊದಲೇ ಹೊರಟುಹೋದರು. ಎಡಗೈಯಲ್ಲಿ ದಾಳ ಎಸೆದು ಮೂರೂ ಆಟ ಅವರೇ ಗೆದ್ದರು. ದೇವರಾಣೆ, ಒಂದನ್ನೂ ನಾನು ಬಿಟ್ಟುಕೊಡಲಿಲ್ಲ.