ನಾಲ್ಕು ಖಾನೆಗಳಲ್ಲಿ ಅಕ್ಕನ ದನಿ

ಅಕ್ಕನ ಹಾಡುಗಳಿದ್ದ ಹಾರ್ಡ್‌ಡಿಸ್ಕ್ ಕೆಟ್ಟಿದ್ದು ಒಂದು ರವಿವಾರ ಬೆಳಿಗ್ಗೆ. ಅಂಗೈ ಅಗಲದ ಆ ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿದರೆ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತೇ ಹೊರತು ಪರದೆಯ ಮೇಲೆ ಏನೂ ಮೂಡಲಿಲ್ಲ. ನನ್ನ ಬಳಿ ಅಂಥವೇ ಇನ್ನೆರಡು ಡಿಸ್ಕ್‌ಗಳಿದ್ದವು. ಮಧ್ಯಾಹ್ನದವರೆಗೆ ಅವುಗಳಲ್ಲಿ ಹುಡುಕಿದೆ. ಹೆಚ್ಚಿನ ಹಾಡುಗಳ ಪ್ರತಿಗಳು ಸಿಕ್ಕವು. ಸಿಗದೆ ಹೋದದ್ದು ಒಂದೇ, ಅಕ್ಕ ಕುತ್ತಿಗೆಯ ಶಸ್ತ್ರಚಿಕಿತ್ಸೆಗೆ ಹೋಗುವ ಹಿಂದಿನ ವಾರ ಮನೆಯಲ್ಲಿ ಕೂತು ಹಾಡಿದ ತೋಡಿ ರಾಗ.

ನಾನು ಹುಬ್ಬಳ್ಳಿಯಲ್ಲಿ ಕಾಲೇಜಿನ ಹುಡುಗಿಯರಿಗೆ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಧಾರವಾಡದಲ್ಲಿದ್ದುಕೊಂಡು ಹಾಡಿದವಳು, ಹಾಡು ಕಲಿಸಿದವಳು. ಅಮರಗೋಳದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ಅಪ್ಪ, ಅವಳ ಪಾಠ ಹಿಡಿದಿಡಲೆಂದು ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದರು. ಅದರ ಗುಂಡಿ ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೂ ನಾನು ಆ ಕೆಲಸ ಬಿಡಲಿಲ್ಲ. ಧಾರವಾಡಕ್ಕೆ ಹೋದಾಗಲೆಲ್ಲ ಚೀಲದಲ್ಲಿ ಒಂದು ಖಾಲಿ ಕ್ಯಾಸೆಟ್ ಇರುತ್ತಿತ್ತು. ಕ್ಯಾಸೆಟ್ ಹೋಗಿ ಮೊಬೈಲ್ ಬಂದಾಗ ಮೊಬೈಲ್ ಹಿಡಿದೆ.

ಥೈರಾಯ್ಡ್ ಗಡ್ಡೆ ತೆಗೆದರೆ ಮೇಲಿನ ಸ್ವರಗಳಿಗೆ ತೊಂದರೆಯಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಮಾತಿಗೆ ಏನೂ ಆಗಲಿಲ್ಲ, ಆದರೆ ತಾರ ಷಡ್ಜ ಮುಟ್ಟಲು ಹೋದರೆ ದನಿ ಒಡೆಯುತ್ತಿತ್ತು. ಅಕ್ಕ ಬೈಠಕ್ ಕಚೇರಿಗಳಲ್ಲಿ ಹಾಡುವುದನ್ನು ನಿಲ್ಲಿಸಿದಳು. ಪಾಠವನ್ನು ಹಾರ್ಮೋನಿಯಂ ನುಡಿಸುತ್ತ, ನಡುಸ್ಥಾಯಿಯಲ್ಲಿ ಗುನುಗುತ್ತ ಮುಂದುವರಿಸಿದಳು. ಪೂರ್ತಿ ದನಿಯಲ್ಲಿ ಅವಳು ಹಾಡಿದ ಕೊನೆಯದು ಆ ತೋಡಿಯೇ. ಅದು ಹೋಯಿತು ಎಂದು ಫೋನಿನಲ್ಲಿ ಹೇಳಿದಾಗ ಅವಳು ನನ್ನನ್ನೇ ಸಮಾಧಾನ ಮಾಡಿದಳು.

ಆಗಲೇ ಎಲ್ಲವನ್ನೂ ಒಂದೇ ಕಡೆ, ಗಟ್ಟಿಯಾಗಿ ಇಡಬೇಕು ಎಂದು ತೀರ್ಮಾನಿಸಿದೆ. ಬಾಡಿಗೆ ಕಟ್ಟಿ ಇಂಟರ್ನೆಟ್ಟಿನಲ್ಲಿ ಇಡುವುದು ಒಂದು ದಾರಿ. ಆದರೆ ನಾನಿಲ್ಲದ ಮೇಲೆ ಆ ಬಾಡಿಗೆ ಕಟ್ಟುವವರು ಯಾರು? ಇನ್ನೊಂದು, ಮನೆಯಲ್ಲೇ ಒಂದು ಸರ್ವರ್, ಅಂದರೆ ಹಾಡುಗಳನ್ನು ಕೂಡಿಟ್ಟು ಬೇಕಾದಲ್ಲಿಂದ ಕೇಳಲು ಕೊಡುವ ಪೆಟ್ಟಿಗೆ, ಇಟ್ಟುಕೊಳ್ಳುವುದು. ಇದರ ಬಗ್ಗೆ ನಾನು ಕೇಳಿದ್ದು ಪಕ್ಕದ ಮನೆಯವರನ್ನು. ಅವರದು ತಾರಿಹಾಳದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಕಾರ್ಖಾನೆ. ತಂದೆಯ ಕಾಲದಿಂದ ಕೂಡಿಟ್ಟ ಕವ್ವಾಲಿಗಳನ್ನೆಲ್ಲ ಅವರು ಹಳೆಯ ಕಂಪ್ಯೂಟರೊಂದನ್ನು ಸರ್ವರ್ ಮಾಡಿ ಅದರಲ್ಲಿಟ್ಟಿದ್ದರು. ಅವರ ಮನೆಯಲ್ಲಿ ಟಿವಿಯಲ್ಲಾಗಲಿ ಫೋನಿನಲ್ಲಾಗಲಿ ಅವನ್ನು ಕೇಳಬಹುದಿತ್ತು.

ಎರಡು ಡಿಸ್ಕ್ ಹಿಡಿಯುವ ಪೆಟ್ಟಿಗೆ ಸಾಕೇ ಎಂದು ನಾನು ಕೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ನಾಕು ಖಾನೆ ಇರೂದ ತಗೋರಿ ಬಾಯಾರ. ಇವತ್ತ ಎರಡ ತುಂಬ್ರಿ. ಖಾಲಿ ಖಾನೆ ಏನ್ ಊಟಾ ಕೇಳೂದಿಲ್ಲ. ಇನ್ನೊಂದ್ ಮಾತು, ಡಿಸ್ಕ್ ಅಂದ್ರ ತಿರಗೂ ವಸ್ತು. ತಿರಗೂದೆಲ್ಲಾ ಒಂದಿನ ನಿಲ್ಲತೈತಿ. ನಿಂತಾಗ ನಿಮ್ಮ ಕೆಲಸಾ ನಿಲ್ಲಬಾರದು, ಹಂಗ ಇಡಬೇಕು."

ಹಾಗೆಂದರೆ ಎರಡು ಡಿಸ್ಕ್‌ಗಳಲ್ಲೂ ಅದೇ ಹಾಡು ಒಟ್ಟಿಗೇ ಬರೆಯಲ್ಪಡಬೇಕು, ಕನ್ನಡಿಯ ಹಾಗೆ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಸದಾ ಚಾಲೂ ಇರುವ ಪೆಟ್ಟಿಗೆಗೆಂದೇ ಮಾಡಿದ ಡಿಸ್ಕ್‌ಗಳನ್ನು ಕೊಳ್ಳಬೇಕು, ಕರೆಂಟು ಹೋದರೆ ತಡೆದುಕೊಳ್ಳಲು ಒಂದು ಯುಪಿಎಸ್ ಇರಬೇಕು ಎಂದೂ ಹೇಳಿದರು. ಎರಡು ವಾರದಲ್ಲಿ ಪೆಟ್ಟಿಗೆ ಬಂತು. ಅದನ್ನು ನಡುಮನೆಯ ಪುಸ್ತಕದ ಕಪಾಟಿನಲ್ಲಿ, ಗಾಳಿಯಾಡುವಂತೆ ಹಿಂದೆ ಜಾಗ ಬಿಟ್ಟು ಇಟ್ಟೆವು.

ನಂತರದ ಒಂದೂವರೆ ವರ್ಷ ನಾನು ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅವಸರ ಮಾಡುವಂತಿಲ್ಲ. ಪಲ್ಯ ಹೆಚ್ಚುತ್ತ, ಬಟ್ಟೆ ಮಡಚುತ್ತ ಕೇಳಿದೆ. ಬೈಠಕ್‌ಗಳಿದ್ದವು, ಆದರೆ ಅದಕ್ಕಿಂತ ಹೆಚ್ಚಿದ್ದದ್ದು ಅಕ್ಕನ ರಿಯಾಜ್, ದಿನದ ಅಭ್ಯಾಸ. ಹಿಂದೆ ಕುಕ್ಕರ್ ಕೂಗುತ್ತದೆ, ಅವ್ವ ಹಾಲಿನವನೊಂದಿಗೆ ಮಾತಾಡುತ್ತಾಳೆ, ಅಕ್ಕ ವೇಗದ ಸ್ವರಗಳ ಒಂದೇ ತಾನ್‌ನಲ್ಲಿ ಹತ್ತು ಸಲ ತಪ್ಪುತ್ತಾಳೆ. ಪ್ರಯೋಗಾಲಯದ ಬಾಟಲಿಗಳಿಗೆ ಚೀಟಿ ಅಂಟಿಸಿದ ಕೈ ನನ್ನದು. ರಾಗ, ಸ್ಥಳ, ಜೊತೆಗೆ ಯಾರಿದ್ದರು, ಎಲ್ಲ ಬರೆದು ಜೋಡಿಸಿದೆ. ಧಾರವಾಡದಲ್ಲಿ ಕೂತೇ ಕೇಳಲು ಸಾಧ್ಯವಾಗಲೆಂದು ಅಕ್ಕನ ಹೆಸರಿನಲ್ಲಿ ಒಂದು ಖಾತೆ ತೆರೆದು ಅವಳ ಟ್ಯಾಬ್ಲೆಟ್ಟಿಗೆ ಹಾಕಿಕೊಟ್ಟೆ. ಅವಳು ಆರು ತಿಂಗಳು ಅದನ್ನು ಮುಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಒಂದು ದಿನ ಹೊಸದೊಂದು ಕ್ಯಾಸೆಟ್ ಸೇರಿಸಲು ಹೋದಾಗ ರಿಯಾಜ್‌ನ ಪಟ್ಟಿ ಗಿಡ್ಡವಾಗಿತ್ತು. ನನ್ನ ನೋಟ್‌ಬುಕ್ ಜೊತೆ ತಾಳೆ ಹಾಕಿದೆ. ನಲವತ್ತೊಂದು ಇರಲಿಲ್ಲ. ಡಿಸ್ಕ್ ಕೆಟ್ಟಿತೆಂದು ಪಕ್ಕದ ಮನೆಗೆ ಓಡಿದೆ. ಅವರು ಬಂದು ಎರಡೂ ಡಿಸ್ಕ್ ಪರೀಕ್ಷಿಸಿದರು, ಆಮೇಲೆ ಪೆಟ್ಟಿಗೆ ತಾನೇ ಬರೆದಿಡುವ ದಿನಚರಿಯನ್ನು ತೆರೆದು ನೋಡಿದರು. ಪರದೆಯನ್ನು ನನ್ನ ಕಡೆ ತಿರುಗಿಸಿ ಹೇಳಿದರು:

"ಡಿಸ್ಕ್ ಛಲೋ ಅದಾವರಿ. ಇವನ್ನ ಯಾರೋ ಕೈಯಾರೆ ತಗದಾರ. ನಿಮ್ಮ ಅಕ್ಕಾರ ಖಾತೆಯಿಂದ."

ಕನ್ನಡಿಯ ಗುಣ ನನಗೆ ಆಗ ತಿಳಿಯಿತು. ಒಂದು ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ. ಯಾರಾದರೂ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಸುತ್ತದೆ. ಅಳಿಸಿದ್ದನ್ನು ಕೆಲದಿನ ಹಿಡಿದಿಡುವ ಬುಟ್ಟಿಯೊಂದು ಇತ್ತಂತೆ, ಜಾಗ ಉಳಿಸಲೆಂದು ಅದನ್ನು ನಾನೇ ಮುಚ್ಚಿದ್ದೆ.

ಮರುದಿನ ಬೆಳಿಗ್ಗೆ ಧಾರವಾಡದ ಬಸ್ಸು ಹತ್ತಿದೆ. ಸತ್ತೂರು ದಾಟುವವರೆಗೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಅಕ್ಕ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು.

"ಹೌದು, ನಾನ ತಗದೇನಿ," ಎಂದಳು. "ಅವು ಹಾಡಲ್ಲ. ತಪ್ಪು ಮಾಡಕೋತ ಕುಂತದ್ದು."

ನಾನು ಸಿಟ್ಟಿನಲ್ಲಿ ಬಹಳ ಹೇಳಿದೆ. ಅದು ನನ್ನ ಒಂದೂವರೆ ವರ್ಷದ ಕೆಲಸ ಎಂದೆ. ತೋಡಿ ಹೋಯಿತು, ಇರುವುದನ್ನಾದರೂ ಉಳಿಸಬೇಡವೇ ಎಂದೆ. ಆ ದನಿ ಇನ್ನು ಎಲ್ಲಿಂದ ಬರುತ್ತದೆ ಎಂದೂ ಅಂದುಬಿಟ್ಟೆ, ಅದನ್ನು ಅನ್ನಬಾರದಿತ್ತು. ಅಕ್ಕ ಕಾಳಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಅಪ್ಪ ಹೋದ ಮೂರನೇ ದಿನ ನಾ ಒಳಗಿನ ಖೋಲ್ಯಾಗ ಒಬ್ಬಾಕೀನ ಕುಂತು ಹಾಡೇನಿ. ಬಾಗಿಲಾ ಹಾಕ್ಕೊಂಡಿದ್ದೆ. ಅದೂ ನಿನ್ನ ಪೆಟಗ್ಯಾಗ ಇತ್ತು, ಚೀಟಿ ಹಚ್ಚಿದ್ದೀ. ದನಿ ನಂದು. ಇಡೂಕಿಂತ ಮೊದಲ ಒಮ್ಮ್ಯಾರ ನನ್ನ ಕೇಳೀಯೇನು?"

ಕೇಳಿರಲಿಲ್ಲ. ಆ ದಿನ ಪಡಸಾಲೆಯ ಗೋಡೆಗೆ ರೆಕಾರ್ಡರ್ ಆನಿಸಿಟ್ಟಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅಷ್ಟು ಒಳ್ಳೆಯ ದನಿ ವ್ಯರ್ಥವಾಗಬಾರದು ಅಂದುಕೊಂಡಿದ್ದೆ. ಅವಳು ಯಾರಿಗೂ ಕೇಳಿಸಬಾರದೆಂದೇ ಬಾಗಿಲು ಹಾಕಿಕೊಂಡಿದ್ದಳು ಎಂಬುದು ಆಗಲೂ ಹೊಳೆಯಲಿಲ್ಲ, ಚೀಟಿ ಬರೆಯುವಾಗಲೂ ಹೊಳೆಯಲಿಲ್ಲ. ತಪ್ಪಾಯಿತು ಎಂದೆ. ಅವಳು ಊಟಕ್ಕೆ ಎಬ್ಬಿಸಿದಳು.

ಮೂಲ ಕ್ಯಾಸೆಟ್‌ಗಳು ನನ್ನ ಬಳಿ ಇನ್ನೂ ಇದ್ದವು. ಮನಸ್ಸು ಮಾಡಿದ್ದರೆ ನಲವತ್ತೊಂದನ್ನೂ ಮತ್ತೆ ಇಳಿಸಬಹುದಿತ್ತು, ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ. ಎರಡು ದಿನ ಆ ಯೋಚನೆ ತಲೆಯಲ್ಲಿತ್ತು. ಮುಂದಿನ ವಾರ ಎಲ್ಲವನ್ನೂ ಎರಡು ಕೈಚೀಲದಲ್ಲಿ ತುಂಬಿ ಅವಳ ಮನೆಗೆ ಒಯ್ದು ಇಟ್ಟೆ. ಯಾವುದು ಇರಬೇಕೋ ನೀನೇ ಹೇಳು, ಉಳಿದವು ನಿನ್ನವು ಅಂದೆ.

ಪ್ರತಿ ಶುಕ್ರವಾರ ನಾನು ಹೋಗುವುದು, ಇಬ್ಬರೂ ಕೂತು ಕೇಳುವುದು ರೂಢಿಯಾಯಿತು. ಮೊದಮೊದಲು ಅವಳು ಎರಡು ನಿಮಿಷಕ್ಕೇ ಸಾಕು ಎನ್ನುತ್ತಿದ್ದಳು. ಒಂದು ಶುಕ್ರವಾರ ಅವಳ ವಿದ್ಯಾರ್ಥಿನಿಯೊಬ್ಬಳು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಲವತ್ತರ ಹೆಂಗಸು, ಪಾಳಿ ಮುಗಿಸಿ ಸ್ವಲ್ಪ ಬೇಗ ಬಂದಳು. ಕ್ಯಾಸೆಟ್ಟಿನಲ್ಲಿ ಅಕ್ಕ ಭೀಮಪಲಾಸಿ ರಾಗದ ಒಂದು ತಾನಿನ ಜೊತೆ ಗುದ್ದಾಡುತ್ತಿದ್ದಳು. ಆರು ಸಲ ಎಡವಿ ಏಳನೆಯ ಸಲ ದಾಟಿದಳು. ಆ ಹೆಂಗಸು ಇನ್ನೊಮ್ಮೆ ಹಾಕಲು ಕೇಳಿಕೊಂಡಳು. ನಾನೂ ಅದೇ ಜಾಗದಲ್ಲಿ ನಾಲ್ಕು ತಿಂಗಳಿಂದ ಎಡವುತ್ತಿದ್ದೇನೆ, ಆದರೆ ನೀವು ಎಡವಿದ್ದಿರಿ ಅಂತ ಗೊತ್ತಿರಲಿಲ್ಲ ಅಂದಳು.

ಅಕ್ಕ ಕ್ಯಾಸೆಟ್ ಹಿಂದೆ ಸುತ್ತಿದಳು. ಐದನೆಯ ಸಲ ಉಸಿರು ಎಲ್ಲಿ ತಪ್ಪಿತು, ಏಳನೆಯದರಲ್ಲಿ ಎಲ್ಲಿ ತೆಗೆದುಕೊಂಡೆ ಎಂದು ತೋರಿಸಿದಳು. ಆ ದಿನದ ಪಾಠ ಪೂರ್ತಿ ಅದರ ಮೇಲೆಯೇ ನಡೆಯಿತು. ಆಕೆ ಹೋದ ಮೇಲೆ ಅಕ್ಕ ಹೇಳಿದಳು, "ಇದನ್ನ ವಾಪಸ್ ಹಾಕು. ಎಡವಿದ್ದ ಮಾತ್ರ ಕತ್ತರಿಸಬ್ಯಾಡ."

ನಲವತ್ತೊಂದರಲ್ಲಿ ಮೂವತ್ತಾರು ಹೀಗೆ ಮರಳಿ ಬಂದವು. ಅಪ್ಪ ಹೋದಾಗಿನ ಕ್ಯಾಸೆಟ್ಟನ್ನು ಅವಳು ತನ್ನ ಸೀರೆಯ ಕಪಾಟಿನಲ್ಲಿಟ್ಟುಕೊಂಡಿದ್ದಾಳೆ. ಕೇಳಿದಳೋ ಇಲ್ಲವೋ ನಾನು ವಿಚಾರಿಸಿಲ್ಲ.

ಆಮೇಲೆ ಪೆಟ್ಟಿಗೆ ತುಂಬತೊಡಗಿತು. ವಿದ್ಯಾರ್ಥಿಗಳು ತಮ್ಮ ರಿಯಾಜ್ ಕಳಿಸುತ್ತಾರೆ. ಹಾರ್ಮೋನಿಯಂ ಮೇಲೆ ಅಕ್ಕನ ಬೆರಳು ಕಾಣುವಂತೆ ಪಾಠದ ವಿಡಿಯೋ ಮಾಡಿಕೊಳ್ಳುತ್ತಾರೆ, ಅವಳೂ ಈಗ ಬೇಡವೆನ್ನುವುದಿಲ್ಲ. ವಿಡಿಯೋ ತಿನ್ನುವ ಜಾಗ ಹಾಡಿನ ಹತ್ತು ಪಟ್ಟಿಗಿಂತ ಹೆಚ್ಚು. ಮೂರನೆಯ ಡಿಸ್ಕ್ ಹಾಕಲೇಬೇಕಾಯಿತು. ಪಕ್ಕದ ಮನೆಯವರು ಕೂತು ಅದನ್ನು ಜೋಡಿಸಿಕೊಟ್ಟರು. ಇದ್ದುದನ್ನೆಲ್ಲ ಮೂರು ಡಿಸ್ಕ್‌ಗಳ ಮೇಲೆ ಹೊಸದಾಗಿ ಹಂಚಿಕೊಳ್ಳಲು ಪೆಟ್ಟಿಗೆ ಒಂದೂವರೆ ದಿನ ತೆಗೆದುಕೊಂಡಿತು. ಅಷ್ಟರಲ್ಲಿ ಎರಡು ಸಲ ಕರೆಂಟು ಹೋಯಿತು. ಯುಪಿಎಸ್ ಕುಂಯ್‌ಗುಡುತ್ತಿದ್ದಾಗ ನಾನು ಬೇರೆ ಕೆಲಸ ಮಾಡಲಾಗದೆ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತೆ. ಎಲ್ಲವೂ ಸುರಕ್ಷಿತವಾಗಿ ಮುಗಿಯಿತು.

ಆದರೆ ಡಿಸ್ಕ್ ಎಷ್ಟಿದ್ದರೂ ಪೆಟ್ಟಿಗೆ ಒಂದೇ, ಮನೆ ಒಂದೇ. ಬೆಂಕಿಯೋ ಕಳ್ಳನೋ ಬಂದರೆ ಎಲ್ಲ ಒಟ್ಟಿಗೇ ಹೋಗುತ್ತದೆ. ಅದಕ್ಕೆ ಒಂದೇ ಡಿಸ್ಕಿನ ಚಿಕ್ಕದೊಂದು ಪೆಟ್ಟಿಗೆ ಕೊಂಡು ಧಾರವಾಡದಲ್ಲಿ ಅಕ್ಕನ ಮನೆಯಲ್ಲಿಟ್ಟೆವು. ಹುಬ್ಬಳ್ಳಿಯಲ್ಲಿ ಸೇರಿದ್ದೆಲ್ಲ ದಿನಕ್ಕೊಮ್ಮೆ ಇಂಟರ್ನೆಟ್ ಮೂಲಕ ಅಲ್ಲಿಗೆ ಹೋಗುತ್ತದೆ. ಇಲ್ಲಿ ಅಳಿಸಿದರೂ ಅಲ್ಲಿ ಒಂದು ತಿಂಗಳು ಉಳಿಯುತ್ತದೆ. ಅದನ್ನು ಅಕ್ಕನಿಗೆ ಮೊದಲೇ ಹೇಳಿದೆ. ಅವಳಿಗಾಗಿ ಬೇರೊಂದು ಫೋಲ್ಡರ್ ಮಾಡಿದ್ದೇನೆ, ಅದು ಅವಳ ಪೆಟ್ಟಿಗೆಯಲ್ಲಷ್ಟೇ ಇದೆ. ಅದರ ಪಾಸ್‌ವರ್ಡನ್ನು ಅವಳೇ ಟೈಪ್ ಮಾಡಿದಳು, ನಾನು ಆಗ ಅಡುಗೆಮನೆಗೆ ಹೋಗಿದ್ದೆ.

ಈಗ ಚೀಟಿ ಹಚ್ಚುವ ಕೆಲಸವೂ ಹಂಚಿಹೋಗಿದೆ. ನಾನು ಬರೆದದ್ದನ್ನು ಅವಳು ಓದುತ್ತಾಳೆ, ವಾರಕ್ಕೊಮ್ಮೆಯಾದರೂ ಫೋನ್ ಬರುತ್ತದೆ. ಅದು ಪೂರಿಯಾ ರಾಗ ಅಲ್ಲ, ಮಾರವಾ, ಎಷ್ಟು ವರ್ಷ ಕೇಳಿದರೂ ನಿನಗೆ ತಿಳಿಯಲಿಲ್ಲ ಎನ್ನುತ್ತಾಳೆ. ನಾನು ತಿದ್ದುತ್ತೇನೆ.