ಕೌದಿಯೊಳಗಿನ ಕೆಂಪು ರುಮಾಲು

ನಮ್ಮ ಗಂಗತ್ತಿಗೆ ಕತ್ತರಿ ಹಿಡಿದು ಹೊರಬಿದ್ದಳೆಂದರೆ ಸಾಕು, ಕೇರಿಯ ಹೆಂಗಸರೆಲ್ಲ ಹಗ್ಗದ ಮೇಲಿನ ಬಟ್ಟೆ ಎಳೆದುಕೊಂಡು ಒಳಗೋಡುತ್ತಾರೆ. ಅವಳ ಗಂಡ, ಅಂದರೆ ನನ್ನ ಅಣ್ಣ, ಹೊಸ ಅಂಗಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಾನೆ. ಗಂಡಸಂತೆ ಗಂಡಸು! ಆದರೂ ಹಳೇ ಬಟ್ಟೆಯ ಚೂರು ಜೋಡಿಸಿ ಅವಳು ಹೊಲಿಯುವ ಕೌದಿಗೆ ಯಲ್ಲಾಪುರದ ಸುತ್ತ ಸಾಟಿಯಿಲ್ಲ, ಅದನ್ನು ಒಪ್ಪಲೇಬೇಕು.

ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಿಡಿದು ಹಡಗಿನಲ್ಲಿ ತಂದರು; ಅವರು ಯಜಮಾನರ ಕೈ ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ನೆನಪಿಗೆ ವರ್ಷಕ್ಕೊಮ್ಮೆ ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಸಿದ್ದಿಗಳೆಲ್ಲ ಒಂದೇ ಚಪ್ಪರದಡಿ ಸೇರುತ್ತೇವೆ. ಮಕ್ಕಳಿಗೆ ಹಳೇ ಕತೆ ಹೇಳಿ, ಉಂಡು, ಡಮಾಮಿ ಡೋಲು ಬಾರಿಸಿ, ಕಾಲು ಸೋಲುವ ತನಕ ಕುಣಿಯುತ್ತೇವೆ. ಕುಣಿತ ಮುಗಿದ ಮೇಲೆ, ಕೇರಿಯ ಹೊಸ ಕೂಸಿಗೆ ಮನೆಮನೆಯ ಬಟ್ಟೆ ಸೇರಿಸಿದ ಕೌದಿ ಹೊದಿಸುವುದು. ಈ ಸಲದ ಕೂಸು ನನ್ನದು! ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದವಳು. ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಬಟ್ಟೆ ಕೊಡದವನು ಜಟ್ಟಪ್ಪಜ್ಜ ಮಾತ್ರ. ಒಂಟಿ ಮುದುಕ, ಡಮಾಮಿಯ ಹಳೇ ಪೆಟ್ಟುಗಳು ಗೊತ್ತಿರುವವನೂ ಅವನೊಬ್ಬನೇ. "ಮಕ್ಕಳಿಲ್ಲದ ಮನೆ ಬಟ್ಟೆ ಎಂತಕ್ಕೆ? ನನ್ನ ಬಿಟ್ಟು ಹೊಲಿ, ಹೋಗೆ," ಎಂದು ಅತ್ತಿಗೆಯನ್ನು ಅಟ್ಟಿದ್ದ.

ಹಬ್ಬದ ದಿನ ಹುಡುಗಿಯರು ಗೆಜ್ಜೆ ಕಟ್ಟಿ ನಿಂತರೂ ಅಜ್ಜ ಡಮಾಮಿ ಎತ್ತಲಿಲ್ಲ.

"ನನ್ನ ಕೆಂಪು ರುಮಾಲು ಕಾಣ್ತಿಲ್ಲ. ಬೋಳು ತಲೇಲಿ ಹಿರಿಯರ ಮುಂದೆ ಬಾರಿಸೂದಿಲ್ಲ."

ಎಲ್ಲರೂ ಗಂಗತ್ತಿಗೆಯನ್ನು ನೋಡಿದರು. ಅವಳು ಚಪ್ಪರದ ಸೊಪ್ಪು ನೋಡತೊಡಗಿದಳು. ನಾನು ಕೌದಿ ಬಿಡಿಸಿದೆ. ನಟ್ಟನಡುವೆ ಕೆಂಪಗೆ ಕೂತಿತ್ತು ರುಮಾಲು!

"ಎಂತ ಮಾಡಿದ್ಯೇ ಮಾರಾಯ್ತಿ!" ಎಂದೆ.

"ಬೇಲಿ ಮೇಲೆ ಒಣಗ್ತಿತ್ತು. ಕೈ ತಡೀಲಿಲ್ಲ."

"ಬಿಚ್ಚು! ಈಗಲೇ ಬಿಚ್ಚು!" ಅಜ್ಜ ಗುಡುಗಿದ.

ಬಿಚ್ಚುವುದು ಹೇಗೆ? ಕೌದಿಯನ್ನು ಅಂಚಿನಿಂದ ಒಳಗೆ ಹೊಲಿಯುತ್ತ ಬಂದು, ಕೊನೆಗೆ ನಡುವೆ ಹಿಡಿ ಅಕ್ಕಿ ಹಾಕಿ ಉಡಿ ತುಂಬಿ ಮುಚ್ಚುತ್ತೇವೆ. ಉಡಿ ತುಂಬಿದ ಮೇಲೆ ಅದಕ್ಕೆ ಕತ್ತರಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಬಿಚ್ಚದಿದ್ದರೆ ಡಮಾಮಿಯಿಲ್ಲ, ಡಮಾಮಿಯಿಲ್ಲದೆ ಕುಣಿತವಿಲ್ಲ, ನನ್ನ ಕೂಸಿಗೆ ಕೌದಿಯೂ ಇಲ್ಲ. ಅತ್ತಿಗೆಯ ಮೇಲೆ ಮೈಯೆಲ್ಲ ಉರಿಯಿತು.

ಸದಾ ಕಿಸಿಕಿಸಿ ನಗುವವಳು ಆಗ ನಗಲಿಲ್ಲ. "ಬಿಚ್ಚೂದಿಲ್ಲ ಅಜ್ಜ. ಬೇಕಾದ್ರೆ ನನ್ನ ಗುಂಗುರು ಕೂದಲು ಕತ್ತರಿಸ್ಕೋ. ನಾಳೆ ಈ ಕೂಸು ಯಾವ ಚೂರು ಯಾರ ಮನೇದು ಅಂತ ಕೇಳ್ತದೆ. ಜಟ್ಟಪ್ಪಜ್ಜನ ಮನೇದು ಇಲ್ಲ ಅಂತ ಹೇಳಲಿಕ್ಕೆ ನನ್ನ ಕೈಲಾಗೂದಿಲ್ಲ."

ನಾನು ಏನೂ ತೋಚದೆ ಕೂಸನ್ನು ಕೌದಿಯ ನಡುವೆ ಮಲಗಿಸಿದೆ. ಅಜ್ಜ ಬಗ್ಗಿ ರುಮಾಲು ಮುಟ್ಟಿದ. ಅದೇ ಹೊತ್ತಿಗೆ ನನ್ನ ಮಗಳು, ಮಹಾತಾಯಿ, ಬೆಚ್ಚಗೆ ಅದರ ಮೇಲೇ ಉಚ್ಚೆ ಹೊಯ್ದಳು!

"ಅಯ್ಯಯ್ಯೋ, ನನ್ನ ರುಮಾಲು!"

ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟಾಗ ಅಜ್ಜ ಬೊಚ್ಚುಬಾಯಿ ತೆರೆದು ನಗುತ್ತಿದ್ದ. "ಮೊಮ್ಮಗಳು ಉಚ್ಚೆ ಹೊಯ್ದ ಮೇಲೆ ಇನ್ನು ಅದು ನನ್ನ ತಲೆಗೆಲ್ಲಿ? ಅವಳದೇ ಆತು. ತನ್ನಿ ಡಮಾಮಿ!"

ಆಮೇಲೆ ಕುಣಿದದ್ದೇ ಕುಣಿದದ್ದು. ಅಜ್ಜನ ಬೋಳು ತಲೆಯಿಂದ ಬೆವರು ಸುರಿಯುತ್ತಿತ್ತು. ಗಂಗತ್ತಿಗೆ ಕುಣಿಯುತ್ತ ಬಿದ್ದಳು, ಬಿದ್ದಲ್ಲೇ ನಕ್ಕಳು, ಎಬ್ಬಿಸಲು ಹೋದ ನಾನೂ ಬಿದ್ದೆ. ಕೊನೆಗೆ ಕೌದಿಯ ಒದ್ದೆಯಾಗದ ತುದಿಯನ್ನು ಕೂಸಿಗೆ ಹೊದಿಸಿದ್ದಾಯಿತು.

ಬೆಳಿಗ್ಗೆ ಕೌದಿ ಕಾಣದೆ ಹುಡುಕುತ್ತ ಹೋದರೆ, ಅಜ್ಜ ಅದನ್ನು ತಾನೇ ಹಳ್ಳದಲ್ಲಿ ತೊಳೆದು ತನ್ನ ಬೇಲಿಗೆ ಹರವಿದ್ದ. ಪಕ್ಕದಲ್ಲಿ ಕೋಲು ಹಿಡಿದು ಕಾವಲು ಕೂತಿದ್ದ.

"ಎಂತಕ್ಕಜ್ಜ ಕೋಲು?"

"ಆ ಗಂಗೆ ಕತ್ತರಿ ಹಿಡ್ಕಂಡು ತಿರುಗ್ತದೆ. ಇದು ನನ್ನ ಮೊಮ್ಮಗಳದ್ದು, ಯಾರೂ ಮುಟ್ಟೂಹಾಂಗಿಲ್ಲ."