ಕುಕ್ಕರ್ ಕೂಗುವವರೆಗೆ ಮಾತು

ಆವಿ ಬಂದ ಕುಕ್ಕರಿನ ಮೇಲೆ ವೇಟ್ ಇಟ್ಟು, ಟೀಚರಮ್ಮ ಉಪ್ಪಿನ ಡಬ್ಬಿಗೆ ಒರಗಿಸಿದ ಫೋನಿನತ್ತ ತಿರುಗುತ್ತಾರೆ. "ಹೂಂ, ಶುರು ಮಾಡು."

ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫೋನಿನ ಆ ಕಡೆ ರಾತ್ರಿ ಪಾಳಿ ಮುಗಿಸಿದ ನರ್ಸ್, ಆಸ್ಪತ್ರೆಯ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತಿದ್ದಾಳೆ. ನಾಳೆ ಅವಳಿಗೆ ಇಂಗ್ಲಿಷ್ ಪರೀಕ್ಷೆ. ಕೊಟ್ಟ ವಿಷಯದ ಮೇಲೆ ಎರಡು ನಿಮಿಷ ತಡೆಯಿಲ್ಲದೆ ಮಾತಾಡಬೇಕು. ವೇಟ್ ಇಟ್ಟಲ್ಲಿಂದ ಮೊದಲ ಕೂಗಿನವರೆಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುವುದರಿಂದ, ಈ ಅಡುಗೆಮನೆಯಲ್ಲಿ ಗಡಿಯಾರದ ಕೆಲಸ ಕುಕ್ಕರಿನದು.

ವಿಷಯ, ನಿಮ್ಮ ಮೇಲೆ ಪ್ರಭಾವ ಬೀರಿದ ವ್ಯಕ್ತಿ. ನರ್ಸ್ ತನ್ನ ಅಜ್ಜಿಯನ್ನು ವರ್ಣಿಸುತ್ತಾಳೆ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಹೊಲಿಗೆ ಮಿಷನ್ ತುಳಿದು ಮಕ್ಕಳನ್ನು ಓದಿಸಿದ ಅಜ್ಜಿ. ಒಂದೂ ತಪ್ಪಿಲ್ಲ, ನೀರು ಕುಡಿದಷ್ಟು ಸಲೀಸು.

"ಇವಳೂ ನನ್ನ ಮೊಮ್ಮಗಳೇನಾ?" ಒಳಕೋಣೆಯಿಂದ ಅತ್ತೆ ಕೇಳುತ್ತಾರೆ.

ಆ ಅಜ್ಜಿ ನರ್ಸಿನ ಅಜ್ಜಿಯಲ್ಲ, ಟೀಚರಮ್ಮನ ಅತ್ತೆಯೇ. ಶಾಲೆಯ ಕೆಲಸ ಕಳೆದುಕೊಂಡ ವರ್ಷ, ಪಕ್ಕದ ಮನೆಯ ಹುಡುಗಿಗೆಂದು ಟೀಚರಮ್ಮ ಈ ಮಾದರಿ ಉತ್ತರ ಬರೆದುಕೊಟ್ಟಿದ್ದರು. ಅವಳು ಪಾಸಾದದ್ದೇ ತಡ, ಬಂದವರೆಲ್ಲ ಅದೇ ಅಜ್ಜಿಯನ್ನು ಕೇಳಿದರು. ವೆಲ್ಡರ್, ಲಾರಿ ಚಾಲಕನ ಹೆಂಡತಿ, ಅಡುಗೆಭಟ್ಟ, ಎಲ್ಲರೂ ಅದನ್ನು ಬಾಯಿಪಾಠ ಮಾಡಿದರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಯಾವ ರಾಗದಲ್ಲಿ ಮಿಷನ್ ಬರುತ್ತದೆ, ಯಾವ ರಾಗದಲ್ಲಿ ಗಂಡ ಸಾಯುತ್ತಾನೆ ಎಂಬುದು ಗೊತ್ತು. ಆ ಜಾಗ ಬಂದಾಗ ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ.

ಹೋದ ಸಲ ನರ್ಸ್ ಮತ್ತು ಟೀಚರಮ್ಮನ ಇನ್ನೊಬ್ಬ ಶಿಷ್ಯೆ ಒಂದೇ ದಿನ, ಒಬ್ಬರೇ ಪರೀಕ್ಷಕರ ಮುಂದೆ ಕೂತಿದ್ದರು. ಇಬ್ಬರಿಗೂ ಅದೇ ಅಜ್ಜಿ. ಎರಡನೆಯವಳಾದ ನರ್ಸ್ ಹೇಳಿ ಮುಗಿಸಿದ ಮೇಲೆ ಪರೀಕ್ಷಕರು, ನಿಮ್ಮ ಅಜ್ಜಿ ಮೊದಲು ಹೊಲಿದದ್ದೇನು ಎಂದು ಕೇಳಿದರಂತೆ. ಅದು ಬಾಯಿಪಾಠದಲ್ಲಿ ಇರಲಿಲ್ಲ, ಅವಳು ಫೇಲಾದಳು. ಈ ಸಲವೂ ತಪ್ಪಿದರೆ, ಹೊರದೇಶದ ಆಸ್ಪತ್ರೆ ಅವಳಿಗಾಗಿ ಕಾಯುವುದಿಲ್ಲ.

"ನನ್ನ ಹತ್ರ ಯಾರೂ ಎರಡನೇ ಸಲ ಬರಬಾರದು, ಅಷ್ಟೇ ನನ್ನಾಸೆ" ಎನ್ನುವ ಟೀಚರಮ್ಮನಿಗೆ, ನರ್ಸ್ ಮೂರನೇ ಸಲ ಬಂದಿರುವುದು ಗಂಟಲಿಗೆ ಸಿಕ್ಕ ಮುಳ್ಳು.

ಚಮಚದಿಂದ ವೇಟ್ ಎತ್ತಿ ಆವಿ ಬಿಡುತ್ತಾರೆ. "ಸಾಕು. ಬೇರೆ ಯಾರನ್ನಾದರೂ ಹೇಳು."

"ಅಜ್ಜಿ ಬಿಟ್ರೆ ನನಗೆ ಬಾಯೇ ಬರಲ್ಲ, ಟೀಚರಮ್ಮ."

"ರಾತ್ರಿ ವಾರ್ಡಲ್ಲಿ ಯಾರ ಹತ್ರ ಬೈಸಿಕೊಂಡೆ? ಅವರ ಬಗ್ಗೆ ಹೇಳು."

ವೇಟ್ ಮತ್ತೆ ಕೂರುತ್ತದೆ. ನರ್ಸ್ ತಡವರಿಸುತ್ತಾಳೆ. ಬೈದವನು ನಿವೃತ್ತ ಬಸ್ ಚಾಲಕ. ಅವಳು ಕಂಡಕ್ಟರನಂತೆ ಶಿಳ್ಳೆ ಹಾಕದಿದ್ದರೆ ಅವನು ಮಾತ್ರೆ ನುಂಗುವುದಿಲ್ಲವಂತೆ. ಕ್ರಿಯಾಪದಗಳು ಕುಂಟುತ್ತವೆ, ನಿನ್ನೆಯದು ನಾಳೆಯದರೊಳಗೆ ಬೀಳುತ್ತದೆ. ಟೀಚರಮ್ಮ ತಪ್ಪುಗಳನ್ನು ಬೆರಳಲ್ಲಿ ಎಣಿಸತೊಡಗಿ, ಬೆರಳು ಸಾಲದೆ ಕೈ ಮಡಿಸಿಕೊಳ್ಳುತ್ತಾರೆ. ಕುಕ್ಕರ್ ಕೂಗುತ್ತದೆ. ನರ್ಸಿಗೆ ಕೇಳಿಸುವುದಿಲ್ಲ. ಅವಳು ಚಾಲಕನ ಗತ್ತಿನಲ್ಲಿ ಬೈದು ತೋರಿಸಿ ನಗುತ್ತಿದ್ದಾಳೆ. ಎರಡನೇ ಕೂಗಿಗೆ ಟೀಚರಮ್ಮ ಒಲೆ ಆರಿಸುತ್ತಾರೆ.

"ನಾಳೆ ಯಾವ ವಿಷಯ ಬಂದರೂ ಹೀಗೆ ನೀನೇ ಕಂಡವರನ್ನು ಹೇಳು. ಏನು ಕೇಳಿದರೂ ನಿನಗೆ ಗೊತ್ತಿರತ್ತೆ."

"ತಪ್ಪಿಲ್ವಾ?"

"ಇದೆ. ಆದರೂ ಹೇಳು."

ಅಂಕ ಬರುತ್ತದೋ ಇಲ್ಲವೋ, ಟೀಚರಮ್ಮನಿಗೂ ಗೊತ್ತಿಲ್ಲ.

ಫೋನ್ ಇಟ್ಟ ಮೇಲೆ ಅತ್ತೆ ತಟ್ಟೆ ಹಿಡಿದು, ಕುಕ್ಕರಿನಲ್ಲಿ ಬೆಂದ ಆಲೂಗಡ್ಡೆ ಸುಲಿಯಲು ಬರುತ್ತಾರೆ. "ನನ್ನದು ಇವತ್ತು ಅರ್ಧಕ್ಕೇ ನಿಂತಿತಲ್ಲೇ?"

"ಕುಕ್ಕರ್ ಕೂಗಿತು, ಅತ್ತೆ."

"ಸಂಜೆ ಹೊಸಬರು ಬರ್ತಾರಲ್ಲ, ಅವರ ಹತ್ರ ಪೂರ್ತಿ ಹೇಳಿಸು."

ಸಂಜೆಯವರಿಗೂ, ಇನ್ನು ಬರುವ ಯಾರಿಗೂ ಆ ಅಜ್ಜಿಯನ್ನು ಕೊಡುವುದಿಲ್ಲವೆಂದು ಒಲೆ ಆರಿಸುವಾಗಲೇ ಟೀಚರಮ್ಮ ನಿರ್ಧರಿಸಿಯಾಗಿದೆ. ಅತ್ತೆಯ ಮುಖ ನೋಡದೆ, ಆಲೂಗಡ್ಡೆ ಸುರಿದ ತಟ್ಟೆಯನ್ನು ಸ್ವಲ್ಪ ಆಚೆ ಸರಿಸುತ್ತಾರೆ.

"ಬಿಸಿ ಇದೆ, ಕೈ ಜೋಪಾನ."